ವಿದೇಶಾಂಗ ನೀತಿಯ ಕ್ಲಾಸು ಗಂಜ್‌ನಿಂದ ಶುರುವಾಗಲಿ

ಬಿಎ ಓದುವ ಹುಡುಗರನ್ನು ಭಾರತದ ವಿದೇಶಾಂಗ ನೀತಿ ಬಗ್ಗೆ ಕೇಳಿ ನೋಡಿ. ಪಂಚಶೀಲ, 1954. ಅಲಿಪ್ತ ಚಳವಳಿ, ಬೆಲ್‌ಗ್ರೇಡ್, 1961. ಸಾರ್ಕ್, ಢಾಕಾ, 1985. ಗಡಗಡ ಹೇಳಿಬಿಡುತ್ತಾರೆ. ಸರಿ, 1954ರಲ್ಲಿ ಚೀನಾ ಜೊತೆ ಸಹಿ ಹಾಕಿದ ಆ ಒಪ್ಪಂದ ಯಾವುದರ ಬಗ್ಗೆ ಇತ್ತು ಅಂದರೆ ಕ್ಲಾಸು ಸುಮ್ಮನಾಗುತ್ತದೆ. ಅದು ಟಿಬೆಟ್ ಕಡೆಗಿನ ವ್ಯಾಪಾರ ಮತ್ತು ಓಡಾಟದ ಒಪ್ಪಂದ. ಐದು ತತ್ವಗಳು ಇರುವುದು ಅದರ ಪೀಠಿಕೆಯಲ್ಲಿ. ನಮ್ಮ ಗೈಡುಗಳಲ್ಲಿ ಪೀಠಿಕೆ ಮಾತ್ರ ಉಳಿದಿದೆ, ಒಪ್ಪಂದ ಕಾಣೆಯಾಗಿದೆ.

ಇದಕ್ಕೆ ಹುಡುಗರನ್ನು ಬೈಯುವುದು ಸುಲಭ, ಮೇಷ್ಟ್ರನ್ನು ಬೈಯುವುದು ಇನ್ನೂ ಸುಲಭ. ನಾನೂ ಕಲಬುರಗಿಯಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವವನೇ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಡಿಗ್ರಿ ಕಾಲೇಜುಗಳ ಒಂದಷ್ಟು ಉಪನ್ಯಾಸಕರು ಆಗಾಗ ಭಾನುವಾರ ಸೇರುತ್ತೇವೆ. ಈ ಪೇಪರನ್ನು ಹೇಗೆ ಕಲಿಸಬೇಕು ಅಂತ ಜಗಳ ಆಡುತ್ತೇವೆ. ಅರ್ಧಕ್ಕಿಂತ ಜಾಸ್ತಿ ಜನ ಅತಿಥಿ ಉಪನ್ಯಾಸಕರು. ಅವರಿಗೆ ಬಡ್ತಿಯೂ ಇಲ್ಲ, ರಿಫ್ರೆಶರ್ ಕೋರ್ಸಿನ ಅಂಕವೂ ಬೇಕಿಲ್ಲ, ಬಸ್ ಚಾರ್ಜು ಕೈಯಿಂದಲೇ ಹೋಗುತ್ತದೆ, ಆದರೂ ಬರುತ್ತಾರೆ.

ಉಪನ್ಯಾಸಕರಿಗೆ ಸಹಾಯ ಅಂದ ಕೂಡಲೇ ನಮ್ಮಲ್ಲಿ ಆಗುವುದು ವಿಚಾರ ಸಂಕಿರಣ. ನಿವೃತ್ತ ರಾಯಭಾರಿಯೊಬ್ಬರು ಬರುತ್ತಾರೆ, ಬಹುಧ್ರುವೀಯ ಜಗತ್ತಿನ ಬಗ್ಗೆ ಚೆನ್ನಾಗಿ ಮಾತಾಡುತ್ತಾರೆ (ನಿಜವಾಗಿಯೂ ಚೆನ್ನಾಗಿ, ಕೇಳುತ್ತಾ ಕೂರಬಹುದು), ಆಮೇಲೆ ಶಾಲು, ಊಟ, ಬ್ಯಾಗು, ಸರ್ಟಿಫಿಕೇಟು. ಸೋಮವಾರ ಬೆಳಿಗ್ಗೆ ಮೂರನೇ ಪಿರಿಯಡ್‌ಗೆ ಹೋದಾಗ ಕೈಯಲ್ಲಿ ಮತ್ತೆ ಅದೇ ಗೈಡು. ಮೇಷ್ಟ್ರಿಗೆ ಮಾಹಿತಿ ಕಡಿಮೆ ಬಿದ್ದಿಲ್ಲ, ಮಾಹಿತಿ ಎಲ್ಲರ ಫೋನಿನಲ್ಲೂ ಇದೆ. ಬೇಕಾಗಿರುವುದು ಒಂದು ಗಂಟೆಯ ಕ್ಲಾಸಿನ ತಯಾರಿ. ಯಾವ ಪ್ರಶ್ನೆ ಕೇಳಬೇಕು, ಯಾವ ಕಾಗದ ಹಂಚಬೇಕು, ಹುಡುಗರು ಕೂಗಾಡಿದರೆ ಏನು ಮಾಡಬೇಕು, ಕೊನೆಗೆ ಇದು ಪರೀಕ್ಷೆಯ ಯಾವ ಪ್ರಶ್ನೆಗೆ ಹೊಂದುತ್ತದೆ.

ಹಾಗಾಗಿ ನಾವು ತತ್ವಗಳನ್ನು ಬದಿಗಿಟ್ಟು ತೀರ್ಮಾನಗಳನ್ನು ಕಲಿಸೋಣ ಅಂದುಕೊಂಡೆವು. ಒಂದು ದಿನ, ಒಂದು ಸರ್ಕಾರ, ಎದುರಿಗೆ ಮೂರು ನಾಲ್ಕು ದಾರಿ. ಯಾವುದನ್ನು ಆರಿಸಿದರೂ ಯಾರಿಗೋ ನೋವು. ಮೊದಲು ತಯಾರಾದದ್ದು ತೊಗರಿ.

ಕಲಬುರಗಿ ತೊಗರಿ ಕಣಜ. 2019ರಲ್ಲಿ ಇಲ್ಲಿನ ತೊಗರಿಗೆ ಜಿಐ ಟ್ಯಾಗೂ ಸಿಕ್ಕಿತು. ಆದರೆ ಗಂಜ್‌ನಲ್ಲಿ, ಅಂದರೆ ನಮ್ಮೂರ ಧಾನ್ಯದ ಮಾರುಕಟ್ಟೆಯಲ್ಲಿ, ದರ ಏರಿದ್ದಕ್ಕೆ, ಇಳಿದಿದ್ದಕ್ಕೆ ದಿಲ್ಲಿಯ ಯಾವ ಸಹಿ ಕಾರಣ ಅಂತ ನಮ್ಮ ಕ್ಲಾಸುಗಳಲ್ಲಿ ಯಾರೂ ಕೇಳಿರಲಿಲ್ಲ. ಕ್ಲಾಸು ಶುರುವಾಗುವುದು 2016ರ ಜುಲೈನಿಂದ. ಸತತ ಎರಡು ವರ್ಷ ಬರ ಕಳೆದಿದೆ. 2015ರ ಕೊನೆಯಲ್ಲಿ ತೊಗರಿ ಬೇಳೆ ಕೆ.ಜಿ.ಗೆ 200 ರೂಪಾಯಿ ಮುಟ್ಟಿತ್ತು. ನೀವೇ ಸರ್ಕಾರ, ಈಗ ಏನು ಮಾಡುತ್ತೀರಿ? ಕ್ಲಾಸನ್ನು ಗುಂಪು ಮಾಡಬೇಕು. ಒಂದು ಕೃಷಿ ಇಲಾಖೆ, ಒಂದು ಗ್ರಾಹಕ ವ್ಯವಹಾರ, ಒಂದು ವಿದೇಶಾಂಗ ಇಲಾಖೆ. ಜೊತೆಗೆ ಜೇವರ್ಗಿಯ ರೈತ, ಕಲಬುರಗಿಯ ದಾಲ್ ಮಿಲ್ ಮಾಲೀಕ, ಮೊಜಾಂಬಿಕ್‌ನ ಮಂತ್ರಿ.

"ನಕ್ಷೆದಾಗ ಮೊಜಾಂಬಿಕ್ ಎಲ್ಲದಾಂತ ನಮ್ ಹುಡುಗರಿಗೆ ಗೊತ್ತಿಲ್ರಿ ಸರ್" ಅಂತ ಯಾದಗಿರಿಯ ಒಬ್ಬ ಮೇಡಂ ಹೇಳಿದರು. ಗೊತ್ತಿಲ್ಲದಿದ್ದರೆ ಇವತ್ತು ಗೊತ್ತಾಗುತ್ತದೆ, ಅದಕ್ಕೇ ನಕ್ಷೆ ಇರುವುದು ಅಲ್ವಾ.

ಗುಂಪುಗಳು ವಾದ ಮಾಡಿ ಮುಗಿಸಿದ ಮೇಲೆ ನಡೆದದ್ದನ್ನು ಹೇಳಬೇಕು. ಆ ಜುಲೈನಲ್ಲಿ ಪ್ರಧಾನಿ ಮೊಜಾಂಬಿಕ್‌ಗೆ ಹೋದರು. ಬೇಳೆಕಾಳು ಕೊಳ್ಳುವ ಐದು ವರ್ಷಗಳ ಒಪ್ಪಂದವಾಯಿತು. ಮೊದಲ ವರ್ಷ 1 ಲಕ್ಷ ಟನ್, 2020-21ರ ಹೊತ್ತಿಗೆ 2 ಲಕ್ಷ ಟನ್. ಆದರೆ ಅದೇ ವರ್ಷ ನಮ್ಮಲ್ಲಿ ಒಳ್ಳೆಯ ಮಳೆ, ದರ ನೋಡಿ ಎಲ್ಲರೂ ತೊಗರಿಯನ್ನೇ ಬಿತ್ತಿದ್ದರು, ಬೆಳೆ ಬಂದಾಗ ದರ ಕ್ವಿಂಟಲ್‌ಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು, ಖರೀದಿ ಕೇಂದ್ರಗಳ ಮುಂದೆ ರೈತರು ಸಾಲು ನಿಂತರು. ಈ ಸಾಲು ನಮ್ಮ ಹುಡುಗರಿಗೆ ನೆನಪಿದೆ. ಅಪ್ಪನ ಜೊತೆ ಚೀಲದ ಮೇಲೆ ಮಲಗಿದ್ದವರು ಕ್ಲಾಸಿನಲ್ಲಿದ್ದಾರೆ. 2017ರ ಆಗಸ್ಟ್‌ನಲ್ಲಿ ಸರ್ಕಾರ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಮಿತಿ ಹಾಕಿತು. ಮೊಜಾಂಬಿಕ್‌ಗೆ ಕೊಟ್ಟ ಮಾತು ಮಾತ್ರ ಆ ಮಿತಿಯ ಹೊರಗೆ ಉಳಿಯಿತು. ಒಪ್ಪಂದ ಇಲ್ಲದ ಮಲಾವಿಯ ರೈತನಿಗೆ ಪೆಟ್ಟು ಬಿತ್ತು. ನಮ್ಮನ್ನು ನಂಬಿ ಬಿತ್ತಿದವನು ಅವನು, ಅವನ ಕಡೆಯಿಂದ ನೋಡಿದರೆ ನಾವು ಹೇಗೆ ಕಾಣುತ್ತೇವೆ? ಈ ಪ್ರಶ್ನೆ ಕೇಳಿದಾಗ ಕ್ಲಾಸು ಬೇರೆ ರೀತಿ ಯೋಚಿಸಲು ಶುರು ಮಾಡುತ್ತದೆ. ಜಗತ್ತಿನ ಎದುರು ನಾವು ಯಾವಾಗಲೂ ಬಡವರು, ಅನ್ಯಾಯ ಆಗುವುದು ನಮಗೇ ಅಂದುಕೊಂಡಿದ್ದ ಹುಡುಗರಿಗೆ, ಇನ್ನೊಂದು ದೇಶದ ಬಡವನ ಬದುಕು ನಮ್ಮ ಒಂದು ಅಧಿಸೂಚನೆಯಿಂದ ಅಲ್ಲಾಡುತ್ತದೆ ಅನ್ನುವುದು ಹೊಸದು.

ಕತೆ ಅಲ್ಲಿಗೆ ಮುಗಿಯಲಿಲ್ಲ. 2021ರ ಮೇ ತಿಂಗಳಲ್ಲಿ ಆಮದು ಮತ್ತೆ ಮುಕ್ತವಾಯಿತು. ಜೂನ್‌ನಲ್ಲಿ ಮಲಾವಿ ಜೊತೆ ವರ್ಷಕ್ಕೆ 50 ಸಾವಿರ ಟನ್, ಮ್ಯಾನ್ಮಾರ್ ಜೊತೆ 1 ಲಕ್ಷ ಟನ್ ತೊಗರಿಯ ಒಪ್ಪಂದ ಆಯಿತು. ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿದ್ದು ಅದೇ ಫೆಬ್ರವರಿ 1ಕ್ಕೆ. ಪ್ರಜಾಪ್ರಭುತ್ವ ಕೆಡವಿದವರ ಜೊತೆ ಬೇಳೆ ವ್ಯಾಪಾರ ಮಾಡಬೇಕೋ ಬೇಡವೋ? ಇದಕ್ಕೆ ಮೇಷ್ಟ್ರು ಉತ್ತರ ಕೊಡಬಾರದು. ನಮ್ಮ ಗುಂಪಿನಲ್ಲಿ ಅತಿ ಹೆಚ್ಚು ವಾದ ಆಗಿದ್ದು ಇದರ ಮೇಲೇ. ಉತ್ತರ ಹೇಳದಿದ್ದರೆ ಹುಡುಗರು ನಮಗೇ ಗೊತ್ತಿಲ್ಲ ಅಂದುಕೊಳ್ಳುತ್ತಾರೆ ಅಂತ ಕೆಲವರ ಅಳುಕು. ಅಂದುಕೊಳ್ಳಲಿ ಬಿಡಿ.

ಇನ್ನೊಂದು ಮಜಾ ಏನೆಂದರೆ, ಒಂದೇ ಬೆಂಚಿನಲ್ಲಿ ರೈತನ ಮಗ, ಮಿಲ್‌ನಲ್ಲಿ ಹಮಾಲಿ ಮಾಡುವವನ ಮಗ ಇಬ್ಬರೂ ಇರುತ್ತಾರೆ. ಆಮದು ಬಂದರೆ ಅಪ್ಪನಿಗೆ ನಷ್ಟ ಅಂತ ಒಬ್ಬ, ಬರದಿದ್ದರೆ ಮಿಲ್ ನಿಂತು ಅಪ್ಪ ಮನೆಯಲ್ಲಿ ಕೂರುತ್ತಾನೆ ಅಂತ ಇನ್ನೊಬ್ಬ. ರಾಷ್ಟ್ರೀಯ ಹಿತಾಸಕ್ತಿ ಅಂತ ಗೈಡಿನಲ್ಲಿ ಇರುವುದು ಒಂದೇ ಸಾಲು, ಅದು ಯಾರ ಹಿತ ಅಂತ ಆ ಬೆಂಚೇ ಕೇಳಿಬಿಡುತ್ತದೆ.

ಪರೀಕ್ಷೆಯನ್ನು ಮರೆಯಬೇಡಿ. ಮರೆತರೆ ಹುಡುಗರು ಎರಡನೇ ವಾರಕ್ಕೇ ಬರುವುದಿಲ್ಲ. ‘ವಿದೇಶಾಂಗ ನೀತಿಯ ನಿರ್ಧಾರಕ ಅಂಶಗಳು’ ಅನ್ನುವ ಪ್ರಶ್ನೆ ಪದೇ ಪದೇ ಬರುತ್ತದೆ. ಅದರಲ್ಲಿ ಆರ್ಥಿಕ ಅಂಶ, ದೇಶದೊಳಗಿನ ರಾಜಕೀಯ, ನೆರೆಹೊರೆ, ಮೂರಕ್ಕೂ ತೊಗರಿ ಉದಾಹರಣೆ ಸಾಕು. ಈಗ ಬೀದರ್‌ಗೆ ಬೇರೆ ವಿಶ್ವವಿದ್ಯಾಲಯ, ಯಾದಗಿರಿ ಕಾಲೇಜುಗಳು ರಾಯಚೂರಿನ ಕೆಳಗೆ, ಪಠ್ಯಕ್ರಮ ಎನ್‌ಇಪಿ ಬಂತು, ಹೋಯಿತು, ಮತ್ತೆ ಮೂರು ವರ್ಷದ ಡಿಗ್ರಿ. ಪೇಪರಿನ ಹೆಸರು ಬದಲಾದರೂ ಈ ಪ್ರಶ್ನೆ ಬದಲಾಗಿಲ್ಲ.

ಮಾಹಿತಿಗಿಂತ ದೊಡ್ಡ ಅಡ್ಡಿ ಭಯ. ಇದನ್ನು ಯಾವ ಕಾರ್ಯಾಗಾರದಲ್ಲೂ ಬಾಯಿ ಬಿಟ್ಟು ಹೇಳುವುದಿಲ್ಲ. ಪ್ಯಾಲೆಸ್ಟೀನ್ ಅಂದರೆ, ಪಾಕಿಸ್ತಾನ ಅಂದರೆ, ಯಾವನೋ ಹಿಂದಿನ ಬೆಂಚಿನಲ್ಲಿ ಫೋನ್ ಆನ್ ಮಾಡಿರುತ್ತಾನೆ, ಅರ್ಧ ನಿಮಿಷದ ಕ್ಲಿಪ್ಪು ಸಂಜೆಯೊಳಗೆ ಊರೆಲ್ಲಾ ಸುತ್ತುತ್ತದೆ, ಅತಿಥಿ ಉಪನ್ಯಾಸಕರ ಕೆಲಸ ಹೋಗಲು ಅಷ್ಟು ಸಾಕು. ಹಾಗಾಗಿ ಎಲ್ಲರೂ 1961ರಲ್ಲಿ ಸುರಕ್ಷಿತವಾಗಿ ಕೂತಿರುತ್ತಾರೆ. ಧೈರ್ಯ ತಂದುಕೊಳ್ಳಿ ಅಂತ ಭಾಷಣ ಮಾಡಿದರೆ ಪ್ರಯೋಜನ ಇಲ್ಲ. ನಾವು ಕಂಡುಕೊಂಡ ದಾರಿ ಅಂದರೆ ಕಾಗದವನ್ನು ಮುಂದೆ ಇಡುವುದು. 2022ರ ಮಾರ್ಚ್ 2ಕ್ಕೆ ಉಕ್ರೇನ್ ಮೇಲಿನ ರಷ್ಯಾ ದಾಳಿಯನ್ನು ಖಂಡಿಸುವ ನಿರ್ಣಯದ ಮೇಲೆ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಮತದಾನ ಆಯಿತು. ಪರ 141, ವಿರೋಧ 5, ತಟಸ್ಥ 35. ಭಾರತ ತಟಸ್ಥ. ಯಾಕೆ ತಟಸ್ಥ ಅಂತ ನಮ್ಮ ಪ್ರತಿನಿಧಿ ಅಲ್ಲೇ ಕೊಟ್ಟ ವಿವರಣೆ ವಿದೇಶಾಂಗ ಇಲಾಖೆಯ ಕಡೆಯಿಂದಲೇ ಸಿಗುತ್ತದೆ. ಅದನ್ನು ಓದಿಸಿ. ಆಮೇಲೆ ಟೀಕೆ ಮಾಡುವವರ ವಾದವನ್ನೂ ಓದಿಸಿ. ಪಾಠ ಕಾಗದದ ಮೇಲೆ ನಡೆದರೆ ಮೇಷ್ಟ್ರ ಬಾಯಿಗೆ ಯಾರೂ ಮಾತು ತುರುಕಲಾರರು, ಅಥವಾ ತುರುಕುವುದು ಸ್ವಲ್ಪ ಕಷ್ಟವಾಗುತ್ತದೆ.

ಆ ಯುದ್ಧ ನಮಗೆ ದೂರದ್ದೂ ಅಲ್ಲ. ಕಲಬುರಗಿ ಜಿಲ್ಲೆಯ ಕೆಲವು ಯುವಕರು ಸೆಕ್ಯೂರಿಟಿ ಕೆಲಸ ಅಂತ ನಂಬಿ ರಷ್ಯಾಕ್ಕೆ ಹೋಗಿ ಯುದ್ಧದ ಜಾಗದಲ್ಲಿ ಸಿಕ್ಕಿಹಾಕಿಕೊಂಡಿದ್ದು 2024ರ ಆರಂಭದಲ್ಲಿ ಸುದ್ದಿಯಾಯಿತು. ಆ ಜುಲೈನಲ್ಲಿ ಪ್ರಧಾನಿ ಮಾಸ್ಕೋದಲ್ಲಿ ಪುಟಿನ್ ಎದುರು ವಿಷಯ ಎತ್ತಿದರು, ಸೆಪ್ಟೆಂಬರ್‌ನಲ್ಲಿ ನಮ್ಮ ಹುಡುಗರು ವಾಪಸ್ ಬಂದರು. ರಷ್ಯಾದ ಜೊತೆ ಸಂಬಂಧ ಉಳಿಸಿಕೊಂಡದ್ದು ಇದಕ್ಕೆ ನೆರವಾಯಿತೋ, ಅಥವಾ ಆ ಸಂಬಂಧ ಇದ್ದೂ ಇಷ್ಟು ತಿಂಗಳು ಯಾಕೆ ಹಿಡಿಯಿತು? ಎರಡೂ ಕಡೆ ವಾದಿಸಬಹುದು. ಇದಕ್ಕೆ ಸೇರಿಸಿ ಪಾಸ್‌ಪೋರ್ಟ್ ಮೇಲಿನ ಇಸಿಆರ್ (ಎಮಿಗ್ರೇಷನ್ ಚೆಕ್ ರಿಕ್ವೈರ್ಡ್) ಮುದ್ರೆಯ ಬಗ್ಗೆ ಹೇಳುತ್ತೇವೆ. ಹತ್ತನೇ ಕ್ಲಾಸು ಪಾಸಾಗದವರು ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕಾದ 18 ದೇಶಗಳಿವೆ, ಸೌದಿ, ಕುವೈತ್, ಕತಾರ್ ಎಲ್ಲ ಅದರಲ್ಲಿವೆ. ರಷ್ಯಾ ಆ ಪಟ್ಟಿಯಲ್ಲಿಲ್ಲ. ಗಲ್ಫ್‌ಗೆ ಹೋಗುವ ಮನೆಗಳಿರುವ ಊರುಗಳಲ್ಲಿ ಈ ಅರ್ಧ ಗಂಟೆಗೆ ಬೇರೆ ಯಾವ ಪಾಠಕ್ಕೂ ಸಿಗದ ಗಮನ ಸಿಗುತ್ತದೆ.

ಬೀದರ್‌ನವರ ಜೊತೆ ನನ್ನದೊಂದು ತಕರಾರಿದೆ. ಅವರಿಗೆ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್‌ನಿಂದ ಶುರು ಮಾಡುವ ಆಸೆ. ಇರಾನಿನ ಗಿಲಾನ್‌ನಿಂದ ಬಂದವನು, 1472ರಲ್ಲಿ ಮದರಸಾ ಕಟ್ಟಿಸಿದವನು, ಅದೇ ಕಾಲಕ್ಕೆ ರಷ್ಯಾದ ವ್ಯಾಪಾರಿ ನಿಕಿಟಿನ್ ಬೀದರ್‌ಗೆ ಬಂದಿದ್ದ. ಎಲ್ಲ ನಿಜ, ಕೇಳಲೂ ಚೆಂದ. ಆದರೆ ಕ್ಲಾಸು ಹೆಮ್ಮೆಪಟ್ಟುಕೊಂಡು ಮುಗಿದುಹೋಗುತ್ತದೆ, ತೀರ್ಮಾನ ತೆಗೆದುಕೊಳ್ಳುವ ಕೆಲಸ ಏನೂ ಇರುವುದಿಲ್ಲ. ಅದಕ್ಕಿಂತ ಬೀದರ್ ವಾಯುನೆಲೆಯಲ್ಲಿ ಪೈಲಟ್‌ಗಳು ತರಬೇತಿ ಪಡೆಯುವ ಹಾಕ್ ವಿಮಾನ ನೋಡಿ. ದಿನಾ ತಲೆ ಮೇಲೆ ಹಾರುತ್ತದೆ. ಬ್ರಿಟನ್ನಿನ ವಿನ್ಯಾಸ, 2004ರ ಒಪ್ಪಂದ, 66 ವಿಮಾನ, ಹೆಚ್ಚಿನವು ಎಚ್‌ಎಎಲ್‌ನಲ್ಲಿ ತಯಾರಾದವು. ಆಯುಧ ಯಾರಿಂದ ಕೊಳ್ಳಬೇಕು, ಕೊಂಡರೆ ಯಾರ ಮುಲಾಜಿಗೆ ಬೀಳುತ್ತೇವೆ ಅನ್ನುವ ಪಾಠ ಅಲ್ಲಿಂದ ಶುರುವಾಗಬಹುದು.

ಈಗ ತಯಾರಿ ನಡೆಯುತ್ತಿರುವುದು ಹೈದರಾಬಾದ್ ಪ್ರಕರಣಕ್ಕೆ. ನಮ್ಮ ಈ ಭಾಗ ಆಗ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು; ಅದು ಭಾರತಕ್ಕೆ ಸೇರಿದ ನೆನಪಿಗೆ ಸೆಪ್ಟೆಂಬರ್ 17 ಬಂದರೆ ನಮ್ಮ ಎಲ್ಲ ಕಾಲೇಜುಗಳಲ್ಲೂ ಧ್ವಜ ಹಾರುತ್ತದೆ. ಅದರ ಹಿಂದಿನ ದಿನ, 1948ರ ಸೆಪ್ಟೆಂಬರ್ 16ಕ್ಕೆ, ಪ್ಯಾರಿಸ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಭಾರತದ ವಿರುದ್ಧ ನಿಜಾಮ ಕೊಟ್ಟಿದ್ದ ದೂರನ್ನು ಕೈಗೆತ್ತಿಕೊಂಡಿತ್ತು ಅನ್ನುವುದು ಹುಡುಗರಿಗಿರಲಿ, ಬಹಳ ಮೇಷ್ಟ್ರಿಗೂ ಹೊಸ ಸುದ್ದಿ. ಹೈದರಾಬಾದ್ ಒಂದು ದೇಶವೇ, ದೂರು ಕೊಡುವ ಹಕ್ಕು ಅದಕ್ಕೆ ಇದೆಯೇ ಅನ್ನುವುದೇ ಅಲ್ಲಿನ ವಾದ. ಒಂದೇ ದಿನದಲ್ಲಿ ನಿಜಾಮ ಶರಣಾದ, ಆಮೇಲೆ ದೂರು ವಾಪಸ್ ತೆಗೆದುಕೊಂಡ. ಅದೇ ತಿಂಗಳು ಅವನ ಸರ್ಕಾರದ ಸುಮಾರು 10 ಲಕ್ಷ ಪೌಂಡ್ ಲಂಡನ್ನಿನಲ್ಲಿ ಪಾಕಿಸ್ತಾನದ ಹೈಕಮಿಷನರ್ ಖಾತೆಗೆ ಹೋಯಿತು. ಅದು ಯಾರದು ಅಂತ ಅಲ್ಲಿನ ಕೋರ್ಟು ತೀರ್ಪು ಕೊಟ್ಟಿದ್ದು 2019ರ ಅಕ್ಟೋಬರ್‌ನಲ್ಲಿ, ಅಷ್ಟೊತ್ತಿಗೆ ಅದು ಸುಮಾರು 3.5 ಕೋಟಿ ಪೌಂಡ್ ಆಗಿತ್ತು. ತೀರ್ಪು ಭಾರತ ಮತ್ತು ನಿಜಾಮನ ವಂಶಸ್ಥರ ಪರ ಬಂತು.

ಇದನ್ನು ಕಲಿಸುವಾಗ ನಿಜಾಮನ ಪರ ಇದ್ದ ಖಾಸಗಿ ಪಡೆ ರಜಾಕಾರರ ಹಿಂಸೆಯನ್ನೂ, ಸೇನಾ ಕಾರ್ಯಾಚರಣೆಯ ನಂತರ ನಡೆದ ಹಿಂಸೆಯನ್ನೂ ಎರಡನ್ನೂ ಮೇಜಿನ ಮೇಲೆ ಇಡಬೇಕು. ನಮ್ಮ ಕ್ಲಾಸಿನಲ್ಲಿ ಎರಡೂ ಕಡೆಯವರ ಮೊಮ್ಮಕ್ಕಳು ಇದ್ದಾರೆ. ಭದ್ರತಾ ಮಂಡಳಿಯ ಆ ದಿನದ ಚರ್ಚೆ ಇಂಗ್ಲಿಷ್‌ನಲ್ಲಿದೆ, ಅದನ್ನು ಹುಡುಗರು ಓದುವಂಥ ಕನ್ನಡಕ್ಕೆ ತರುವ ಕೆಲಸವನ್ನು ಭಾಗ ಮಾಡಿಕೊಂಡಿದ್ದೇವೆ. ಈ ಭಾಗದಲ್ಲಿ ಪಾಠ ಮಾಡುವವರು ಯಾರಾದರೂ ಕೈ ಜೋಡಿಸುವುದಾದರೆ ಎರಡು ಪುಟ ತೆಗೆದುಕೊಳ್ಳಿ. ಸಂಬಳ ಇಲ್ಲ, ಸರ್ಟಿಫಿಕೇಟೂ ಇಲ್ಲ, ಚಹಾ ಇದೆ.