ಆರು ಗಾಡಿ, ಶೇಷ ನಾಲ್ಕು

ಕಳೆದ ಸೆಪ್ಟೆಂಬರಿನಲ್ಲಿ ಪುಣೆಯ ಕೋಥ್ರೂಡಿನ ನಮ್ಮ ಕೆಲವು ಕನ್ನಡ ಮನೆಗಳವರು ಸೇರಿ ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿಗೆ ಹೋಗುವುದೆಂದು ನಿಶ್ಚಯವಾದಾಗ, ಗಾಡಿಗಳ ಲೆಕ್ಕವನ್ನು ನಾನು ಸಂಜೆ ನಮ್ಮ ಮನೆಗೆ ಗಣಿತ ಹೇಳಿಸಿಕೊಳ್ಳಲು ಬರುವ ಐದು ಮಕ್ಕಳಿಗೇ ಒಪ್ಪಿಸಿದೆ. ಹೊರಡುವವರು 46 ಮಂದಿ. ಚಾಲಕನನ್ನು ಬಿಟ್ಟು ಒಂದು ಗಾಡಿಯಲ್ಲಿ 7 ಮಂದಿ ಕೂರಬಹುದು. ಮೂವರು ಭಾಗಾಕಾರವನ್ನು ತಪ್ಪಿಲ್ಲದೆ ಮಾಡಿ, ‘6, ಶೇಷ 4’ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು ಪುಸ್ತಕ ಮುಚ್ಚಿದರು.

ಈ ಉತ್ತರಕ್ಕೆ ಹಳೆಯ ಇತಿಹಾಸವಿದೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ರಾಷ್ಟ್ರೀಯ ಮೌಲ್ಯಮಾಪನವೊಂದರಲ್ಲಿ, 1,128 ಸೈನಿಕರನ್ನು ತಲಾ 36 ಮಂದಿ ಹಿಡಿಯುವ ಬಸ್ಸುಗಳಲ್ಲಿ ಕರೆದೊಯ್ಯಲು ಎಷ್ಟು ಬಸ್ಸು ಬೇಕೆಂದು 13 ವರ್ಷದ ಮಕ್ಕಳನ್ನು ಕೇಳಲಾಗಿತ್ತು. ಶೇಕಡ 70ರಷ್ಟು ಮಕ್ಕಳು ಸರಿಯಾಗಿ ಭಾಗಿಸಿದರೂ, ಉಳಿದವರಿಗೆ ಇನ್ನೊಂದು ಬಸ್ಸು ಸೇರಿಸಿ 32 ಎಂದವರು ನಾಲ್ವರಲ್ಲಿ ಒಬ್ಬರಿಗಿಂತ ಕಡಿಮೆ. ಶೇಕಡ 29ರಷ್ಟು ಮಕ್ಕಳು ‘31, ಶೇಷ 12’ ಎಂದೇ ಬರೆದರು. ಇದನ್ನು ದಡ್ಡತನವೆಂದು ನಾನು ಒಪ್ಪುವುದಿಲ್ಲ. ‘ತಲಾ’ ಎಂಬ ಪದ ಕಂಡೊಡನೆ ಭಾಗಿಸಬೇಕೆಂದು ನಾವೇ ಅವರಿಗೆ ಕಲಿಸಿದ್ದೇವೆ. ಸಮಸ್ಯೆಯನ್ನು ಅರ್ಥಮಾಡಿಕೊಳ್ಳುವುದು, ದಾರಿ ಯೋಚಿಸುವುದು, ಅದರಂತೆ ನಡೆಯುವುದು, ಮತ್ತೆ ಹಿಂದಿರುಗಿ ನೋಡುವುದು ಎಂದು ಗಣಿತಜ್ಞ ಜಾರ್ಜ್ ಪೋಲ್ಯ ಹೇಳಿದ ನಾಲ್ಕು ಹಂತಗಳಲ್ಲಿ ನಮ್ಮ ತರಗತಿಗಳು ಅಂಕ ಕೊಡುವುದು ಬಹುಮಟ್ಟಿಗೆ ಮೂರನೆಯದಕ್ಕೆ.

ಇಷ್ಟಕ್ಕೂ ದೊಡ್ಡವರು ಕಾಸ್ ಅನ್ನೇ ಆರಿಸಿದ್ದೇಕೆ? ಪ್ರವಾಸದ ಅಧ್ಯಯನಕಾರರು ಹಿಂದಿನಿಂದ ತಳ್ಳುವ ಕಾರಣಗಳನ್ನೂ ಮುಂದಿನಿಂದ ಎಳೆಯುವ ಕಾರಣಗಳನ್ನೂ ಬೇರೆ ಮಾಡಿ ನೋಡುತ್ತಾರೆ. ಎಳೆಯಲು ಕಾಸ್‌ನಲ್ಲಿ ಬೇಕಾದಷ್ಟಿದೆ: ಜಂಬಿಟ್ಟಿಗೆ ಕಲ್ಲಿನ ಮೇಲಿನ ತೆಳು ಮಣ್ಣಿನಲ್ಲಿ ಮರ ಬೇರೂರಲಾರದೆ, ಮಳೆಗಾಲ ಮುಗಿಯುವ ಹೊತ್ತಿಗೆ ನೆಲವೆಲ್ಲ ಪುಟ್ಟ ಗಿಡಗಳ ಹೂವಾಗುತ್ತದೆ, 2012ರಲ್ಲಿ ಅದು ಪಶ್ಚಿಮ ಘಟ್ಟದ ಭಾಗವಾಗಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ತಳ್ಳಿದ್ದು ಮಾತ್ರ ಪುಣೆಯ ಐಟಿ ಕಂಪನಿಗಳ ತಾಣವಾದ ಹಿಂಜವಡಿಯ ಟ್ರಾಫಿಕ್ಕು. ಪರದೆಗೋ ರಸ್ತೆಗೋ ಪ್ರಯತ್ನಪಟ್ಟು ಕೊಡುವ ಗಮನ ದಣಿಯುತ್ತದೆ, ಹೂವು ಮೋಡಗಳು ಪ್ರಯತ್ನವಿಲ್ಲದೆ ಗಮನ ಹಿಡಿಯುವುದರಿಂದ ಅದಕ್ಕೆ ವಿಶ್ರಾಂತಿ ಸಿಗುತ್ತದೆ ಎಂಬ ವಿವರಣೆಯನ್ನು ಮನಶ್ಶಾಸ್ತ್ರಜ್ಞರಾದ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ 1989ರಲ್ಲಿ ವಿಸ್ತಾರವಾಗಿ ಮಂಡಿಸಿದ್ದರು. ಅದನ್ನು ನೆನೆದಾಗ, ಶಾಲೆ ಮುಗಿಸಿ ಸಂಜೆ ಆರಕ್ಕೆ ನನ್ನೆದುರು ಕೂರುವ ಮಕ್ಕಳ ಗಮನವೂ ದಣಿದೇ ಇರುತ್ತದೆಂದು, ದಣಿದ ಮನಸ್ಸು ಮೊದಲು ಕೈಬಿಡುವುದು ಹಿಂದಿರುಗಿ ನೋಡುವುದನ್ನೇ ಎಂದು ನನಗೆ ತೋರಿತು.

ಆದ್ದರಿಂದ ಭಾನುವಾರ ಬೆಳಗ್ಗೆ ಅದೇ ಲೆಕ್ಕವನ್ನು ಮತ್ತೆ ಕೊಟ್ಟು, “ಆ ಶೇಷ ನಾಲ್ಕು ಮಂದಿ ಯಾರು?” ಎಂದು ಕೇಳಿದೆ. ಹುಡುಗಿಯೊಬ್ಬಳು ಸ್ವಲ್ಪ ಯೋಚಿಸಿ, “ಒಬ್ಬರು ನಮ್ಮಜ್ಜಿ ಇದ್ದರೆ?” ಎಂದು ಗಾಬರಿಯಾಗಿ 7 ಎಂದು ತಿದ್ದಿದಳು. ಪಕ್ಕದ ಹುಡುಗ ತಿದ್ದಲಿಲ್ಲ. “ಆರೇ ಸಾಕು ಸರ್, ಮಡಿಲಲ್ಲಿ ಕೂರುವ ಮಕ್ಕಳು ಸರಿಯಾಗಿ ನಾಲ್ಕಿವೆ” ಎಂದು ಹೆಸರು ಹೇಳಿ ಬೆರಳು ಮಡಿಚಿದ. ಅವನ ಉತ್ತರಕ್ಕೆ ಸರಿ ಗುರುತು ಹಾಕಬೇಕೋ ಬೇಡವೋ ತಿಳಿಯದೆ ನಾನು ಪೆನ್ನು ಹಿಡಿದು ಕೂತಿದ್ದೆ. ಗಾಡಿಯವರು ಒಪ್ಪದ್ದರಿಂದ ನಾವು ಏಳು ಗಾಡಿಗಳಲ್ಲೇ ಹೋದೆವು.