ತೀರಿಕೊಂಡರು ಎಂಬ ಪದ

ಅಮ್ಮ ಹೋದ ಮರುದಿನ, ದೂರದ ಬಂಧುಗಳಿಗೆ ತಿಳಿಸುವ ನಾಲ್ಕು ಸಾಲುಗಳನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಹೆಸರು, ವಯಸ್ಸು, ದಿನಾಂಕ ಎಲ್ಲವೂ ಸಲೀಸಾಗಿ ಬಂದವು. ಕ್ರಿಯಾಪದದ ಹತ್ತಿರ ಪೆನ್ನು ನಿಂತಿತು. ‘ನಿಧನರಾದರು’ ಎಂದು ಬರೆದರೆ ಯಾರೋ ಗಣ್ಯರ ಸುದ್ದಿಯಂತೆ ಕಂಡಿತು. ‘ದೈವಾಧೀನರಾದರು’ ಎಂಬುದು ದೇವರನ್ನು ಅಷ್ಟಾಗಿ ನೆಚ್ಚದ ಅಮ್ಮನಿಗೆ ಹೊಂದುತ್ತಿರಲಿಲ್ಲ. ‘ಸತ್ತರು’ ಎಂದು ಬರೆಯಲು ಕೈ ಏಳಲಿಲ್ಲ. ಕೊನೆಗೆ ‘ತೀರಿಕೊಂಡರು’ ಎಂದು ಬರೆದು ಕಾಗದವನ್ನು ಅಣ್ಣನ ಕೈಗೆ ಕೊಟ್ಟೆ.

ಆ ಪದ ಆಮೇಲೆ ಬಹುಕಾಲ ನನ್ನ ಮನಸ್ಸಿನಲ್ಲಿ ಕುಳಿತಿತ್ತು. ಸಾಲ ತೀರುತ್ತದೆ, ಹರಕೆ ತೀರುತ್ತದೆ, ಬಾಯಾರಿಕೆ ತೀರುತ್ತದೆ. ಅದಕ್ಕೆ ‘ಕೊಳ್ಳು’ ಸೇರಿದಾಗ, ಹೋದವರು ತಮ್ಮ ಪಾಲಿನ ಲೆಕ್ಕವನ್ನು ತಾವೇ ಮುಗಿಸಿಕೊಂಡು ಎದ್ದರೇನೋ ಎಂಬ ಧ್ವನಿ ಹುಟ್ಟುತ್ತದೆ. ‘ಕಾಲವಾದರು’ ಎನ್ನುವಾಗ ಮನುಷ್ಯರು ಕಾಲವೇ ಆಗಿಬಿಡುತ್ತಾರೆ. ‘ಹೋಗು’ ಎಂಬ ಸಾಮಾನ್ಯ ಮಾತಿಗೂ ಸಾವಿನ ಸೋಂಕು ತಗುಲಿದೆ. ಆದ್ದರಿಂದಲೇ ಹೊಸ್ತಿಲು ದಾಟುವಾಗ ‘ಹೋಗಿ ಬರುತ್ತೇನೆ’ ಎನ್ನುತ್ತೇವೆ. ಇಷ್ಟೆಲ್ಲ ಅಂಜಿ ದೂರವಿಟ್ಟ ‘ಸಾಯು’ ಕ್ರಿಯಾಪದವನ್ನು ಉಳಿದ ಕಡೆ ಧಾರಾಳವಾಗಿ ಬಳಸುತ್ತೇವೆ: ಹಸಿವಿನಿಂದ ಸಾಯುತ್ತೇವೆ, ನಕ್ಕು ನಕ್ಕು ಸಾಯುತ್ತೇವೆ. ನಿಜವಾಗಿ ಸತ್ತವರ ಮುಂದೆ ಮಾತ್ರ ಅದು ನಾಲಗೆಗೆ ಬರುವುದಿಲ್ಲ.

ಹಿಂದಿನವರಿಗೆ ಈ ಅಳುಕು ಇಷ್ಟಿರಲಿಲ್ಲವೇನೋ. ತುರುಗಳನ್ನು ಮರಳಿಸಿ ಸತ್ತನೆಂದು ವೀರಗಲ್ಲುಗಳ ಬರಹ ನೇರವಾಗಿಯೇ ಹೇಳುತ್ತದೆ. ಆದರೆ ಅಂಥ ಕಲ್ಲುಗಳಲ್ಲಿ ಕೆಳಗಿನ ಪಟ್ಟಿಕೆಯಲ್ಲಿ ಕಾದುತ್ತಿರುವ ವೀರನನ್ನು ಅದರ ಮೇಲಿನ ಪಟ್ಟಿಕೆಯಲ್ಲಿ ಅಪ್ಸರೆಯರು ಕರೆದೊಯ್ಯುತ್ತಿರುತ್ತಾರೆ. ಅಕ್ಷರ ಮುಗಿಸಿದ ಮಾತನ್ನು ಉಳಿ ಮುಂದುವರಿಸುತ್ತದೆ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವವನು ರನ್ನನ ‘ಗದಾಯುದ್ಧ’ದ ದುರ್ಯೋಧನ. ರಣರಂಗದಲ್ಲಿ ಬಿದ್ದ ದುಶ್ಶಾಸನನ ಮುಂದೆ ನಿಂತು ಅವನು ಸಾವಿನ ತತ್ತ್ವವನ್ನು ಆಡುವುದಿಲ್ಲ, ಉಣ್ಣುವುದರ ಸರದಿಯನ್ನು ನೆನೆಯುತ್ತಾನೆ. ತಾಯಿಯ ಹಾಲನ್ನು ಮೊದಲು ನಾನುಂಡೆ, ಬಳಿಕ ನೀನುಂಡೆ. ಅಮೃತದಂಥ ಊಟವನ್ನೂ ನನ್ನ ಬಳಿಕವೇ ಉಂಡೆ. ಬಾಲ್ಯದಿಂದಲೂ ಎಲ್ಲಿಯೂ ವಿನಯ ಮೀರದ ನೀನು ‘ಮರಣಕ್ಕೆನ್ನಿಂದೆ ನೀಂ ಮುಂಚಿದೈ’. ಸತ್ತವನನ್ನು ‘ಅವನು’ ಎನ್ನದೆ ‘ನೀನು’ ಎಂದೇ ಕರೆದು, ತಮ್ಮ ಸಾಲು ತಪ್ಪಿಸಿದ ಎಂದು ಅಣ್ಣ ಆಕ್ಷೇಪಿಸುವಂತೆ ಆಕ್ಷೇಪಿಸುವ ಈ ಪದ್ಯಕ್ಕೆ ಸಾವಿರ ವರ್ಷವಾಗಿದೆ ಎಂದು ನನಗೆ ಓದುವಾಗ ನೆನಪಾಗುವುದೇ ಇಲ್ಲ.

ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಕವಿತೆ ಕೂಸನ್ನು ಕಳೆದುಕೊಂಡ ದಂಪತಿಯದು. ಅದರಲ್ಲಿ ಗಂಡ ಮಾತಾಡುವುದು ಹೆಂಡತಿಯ ಜೊತೆ, ಅವಳ ಕಣ್ಣುಗಳ ಕುರಿತು. ಕೂಸಿನ ವಿಷಯದಲ್ಲಿ ಅವನು ಆಡುವುದು ಎಲ್ಲ ಮನೆಗಳ ಮೆತ್ತನೆಯ ಮಾತನ್ನೇ: ಮಲಗಿರುವ ಕೂಸು ಮಲಗಿರಲಿ. ‘ಹೆಣ’ ಎಂಬ ಪದ ಕವಿತೆಯಲ್ಲಿ ಇಲ್ಲದಿಲ್ಲ. ಆದರೆ ಅದು ಹಗಲಿನ ಮುಗಿಲಲ್ಲಿ ತೇಲಿ ಬರುವ ಹುಣ್ಣಿಮೆಯ ಚಂದ್ರನಿಗೆ ಹೋಗಿ ಅಂಟಿದೆ. ತೊಟ್ಟಿಲ ಬಳಿ ಆಡಲಾಗದ ಪದವನ್ನು ತಂದೆಯೊಬ್ಬ ಆಕಾಶದಲ್ಲಿ ಇಟ್ಟು ಬಂದಿದ್ದಾನೆ. ಶಾಲೆಯಲ್ಲಿ ಈ ಕವಿತೆಯನ್ನು ಬಾಯಿಪಾಠ ಮಾಡಿದ್ದ ನನಗೆ ಇದು ಕಂಡದ್ದು ಅಮ್ಮನ ನಂತರ.

ಮೊನ್ನೆ ಅಣ್ಣನ ಮಗಳು ಹಳೆಯ ಫೋಟೋ ಹಿಡಿದುಕೊಂಡು ಬಂದು, ‘ಅಜ್ಜಿಗೆ ಏನು ಇಷ್ಟ ಇತ್ತು?’ ಎಂದು ಕೇಳಿದಳು. ‘ಅಜ್ಜಿಗೆ ಮಳೆ ಇಷ್ಟ’ ಎಂದೆ. ಕನ್ನಡದಲ್ಲಿ ಇಂಥ ವಾಕ್ಯಕ್ಕೆ ಕ್ರಿಯಾಪದ ಬೇಕಿಲ್ಲ, ಕ್ರಿಯಾಪದವಿಲ್ಲದ್ದರಿಂದ ಭೂತಕಾಲವೂ ಬೇಕಿಲ್ಲ. ಅವಳು ‘ಇತ್ತು’ ಎಂದು ಸೇರಿಸಲಿಲ್ಲ. ‘ಜೋರು ಮಳೆಯೋ, ಸಣ್ಣ ಮಳೆಯೋ?’ ಎಂದು ಕೇಳಿದಳು.