ಕಟಿಂಗ್ ಕುರ್ಚಿಗೆ ಹೆದರುವ ಆಟಿಸಂ ಮಕ್ಕಳಿಗೆ

ಕಟಿಂಗ್ ಶಾಪ್ ಕಂಡರೆ ಕಿರುಚುವ ಮಗುವಿಗೆ ಹಟಮಾರಿ ಅನ್ನುವವರೇ ಜಾಸ್ತಿ. ಆದರೆ ಸದ್ದು, ಸ್ಪರ್ಶ ಅತಿಯಾಗಿ ತಟ್ಟುವ ಆಟಿಸಂ ಮಗುವಿಗೆ ಆ ಕುರ್ಚಿಯಲ್ಲಿ ಏನೇನು ಆಗುತ್ತದೆ ನೋಡಿ: ಕುತ್ತಿಗೆಗೆ ಬಿಗಿದ ಬಟ್ಟೆ, ಹೇಳದೆ ಕೇಳದೆ ಮುಖಕ್ಕೆ ಸಿಡಿಯುವ ನೀರು, ಕಿವಿಗೆ ಅಂಟಿಕೊಂಡಂತೆ ಟ್ರಿಮ್ಮರ್ ಸದ್ದು, ಬೆನ್ನಿನೊಳಗೆ ಚುಚ್ಚುವ ಕೂದಲು. ಇವುಗಳಲ್ಲಿ ನಿಮ್ಮ ಮಗುವಿಗೆ ಯಾವುದನ್ನು ತಡೆದುಕೊಳ್ಳಲಾಗುವುದಿಲ್ಲ ಎಂದು ಮೊದಲು ಬೇರ್ಪಡಿಸಿಕೊಳ್ಳಿ. ಬಟ್ಟೆಯಾದರೆ ಅಪ್ಪನ ಹಳೆ ಕಾಟನ್ ಶರ್ಟನ್ನು ಹಿಂದುಮುಂದಾಗಿ ತೊಡಿಸಬಹುದು. ನೀರಾದರೆ ಸ್ಪ್ರೇ ಬೇಡ, ಒದ್ದೆ ಟವೆಲಿನಿಂದ ತಲೆ ಒರೆಸಿದರೆ ಸಾಕು.

ಟ್ರಿಮ್ಮರಿನ ಅಭ್ಯಾಸ ಮನೆಯಲ್ಲೇ ಶುರುವಾಗಬೇಕು. ಮೊದಲ ಕೆಲವು ದಿನ ಆಫ್ ಮಾಡಿ ಕೈಗೆ ಕೊಡಿ. ಆಮೇಲೆ ಆನ್ ಮಾಡಿ ಕೋಣೆಯ ಆ ಮೂಲೆಯಲ್ಲಿಡಿ. ಮುಂದೆ ಅದರ ಹಿಂಭಾಗವನ್ನು, ಬ್ಲೇಡನ್ನಲ್ಲ, ಅಂಗೈಗೆ, ಮೊಣಕೈಗೆ, ಭುಜಕ್ಕೆ, ಕೊನೆಗೆ ಕುತ್ತಿಗೆಗೆ ತಾಗಿಸಿ. ಪ್ರತಿ ಸಲ ಜೋರಾಗಿ ಐದು ಎಣಿಸಿ ತೆಗೆಯಿರಿ. ಐದಕ್ಕೆ ನಿಲ್ಲುತ್ತದೆ ಅಂತ ಗೊತ್ತಾದರೆ ಮಗು ತಡೆದುಕೊಳ್ಳುತ್ತದೆ. 'ಇನ್ನೊಂಚೂರು, ಇನ್ನೊಂಚೂರು' ಎಂದು ಎಳೆದರೆ ಎಣಿಕೆಯ ಮೇಲಿನ ನಂಬಿಕೆಯೇ ಹೋಗುತ್ತದೆ. ಹೆಚ್ಚಿನ ಮನೆಗಳಲ್ಲಿ ಕೆಡುವುದು ಇಲ್ಲೇ. ಇನ್ನೊಂದು ತಪ್ಪು, ಚೀರಿದ ಮೇಲೆ ನಿಲ್ಲಿಸುವುದು. ಚೀರಿದರೆ ಬಿಡುಗಡೆ ಎಂಬ ಪಾಠ ಅದು. ಮುಖ ಗಂಟಿಕ್ಕುವ ಹೊತ್ತಿಗೇ ನೀವಾಗಿ ನಿಲ್ಲಿಸಿ, ಮರುದಿನ ಒಂದು ಮೆಟ್ಟಿಲು ಕೆಳಗಿಂದ ಶುರು ಮಾಡಿ.

ಮೊಂಡಾದ ಬ್ಲೇಡ್ ಕೂದಲು ಕಿತ್ತು ಎಳೆಯುತ್ತದೆ, ಎಣ್ಣೆ ಹಾಕದಿದ್ದರೆ ಬೇಗ ಕಾಯುತ್ತದೆ. ನಡುನಡುವೆ ನಿಮ್ಮ ಮಣಿಕಟ್ಟಿಗೆ ತಾಗಿಸಿ ನೋಡಿಕೊಳ್ಳಿ.

ಅಂಗಡಿಗೆ ಭಾನುವಾರ ಬೇಡವೇ ಬೇಡ. ನಮ್ಮಲ್ಲಿ ಬಹಳ ಕಡೆ ಮಂಗಳವಾರ ರಜೆ ಬೇರೆ. ವಾರದ ನಡುವೆ, ಬಾಗಿಲು ತೆರೆದ ಕೂಡಲೇ ಹೋಗಿ. ಮೊದಲ ಭೇಟಿಯಲ್ಲಿ ಕುರ್ಚಿ ಮೇಲೆ ಕೂತು ಇಳಿದರೆ ಸಾಕು. ಬಾಗಿಲು, ಕುರ್ಚಿ, ಟ್ರಿಮ್ಮರ್, ಆಮೇಲೆ ಬಹುಮಾನವಾಗಿ ಸಿಗುವ ಉಯ್ಯಾಲೆ: ಈ ನಾಲ್ಕು ಫೋಟೋ ಮೊಬೈಲಿನಲ್ಲಿರಲಿ, ಹಿಂದಿನ ದಿನವೂ ತೋರಿಸಿ. ಕಟಿಂಗ್ ಮಾಡುವವರಿಗೆ ಮೊದಲೇ ಮೂರು ಮಾತು ಹೇಳಿ: ಮುಟ್ಟುವ ಮುಂಚೆ ಹೇಳಬೇಕು, ಕೈ ಗಟ್ಟಿಯಾಗಿ ಇಡಬೇಕು (ಹಗುರವಾದ ಸ್ಪರ್ಶವೇ ಹೆಚ್ಚು ಕಚಗುಳಿ), ಪೌಡರ್ ಬ್ರಷ್ ಬೇಡ. ಹಿಂಭಾಗದಿಂದ ಶುರು, ಕಿವಿಯ ಸುತ್ತ ನಡುವೆ, ನೆತ್ತಿ ಕೊನೆಗೆ. ಸುಲಭದ ಜಾಗದಲ್ಲಿ ಮುಗಿದರೆ ಮುಂದಿನ ಸಲಕ್ಕೆ ಒಳ್ಳೆಯದು. ಸದ್ದು ತಡೆಯಲು ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿದ್ದರೆ ಕಿವಿಯ ಮತ್ತು ನೆತ್ತಿಯ ಸರದಿಗೆ ಮಾತ್ರ ತೆಗೆದರಾಯಿತು. ಮುಗಿದ ತಕ್ಷಣ ಬನಿಯನ್ ಬದಲಿಸಿ.

ಕೈಕಾಲು ಹಿಡಿದು ಕತ್ತರಿಸಿದರೆ ಆ ದಿನದ ಕೆಲಸ ಮುಗಿಯಬಹುದು, ಮುಂದಿನ ಸಲ ಅಂಗಡಿಯ ರಸ್ತೆಗೇ ಮಗು ಬರುವುದಿಲ್ಲ. ಹರಕೆಯ ಮುಡಿಗೂ ಇದೇ ಮಾತು. ವಾದ್ಯ, ಜನಜಂಗುಳಿಯ ನಡುವೆ ಬೋಳಿಸಲೇಬೇಕೆಂದು ಹಟ ಹಿಡಿಯುವ ಹಿರಿಯರಿಗೆ, ಮನೆಯಲ್ಲೇ ತೆಗೆದ ಒಂದು ಕುಡಿ ಕೂದಲು ಒಪ್ಪಿಸಿದರೆ ಸಾಲದೇ ಅಂತ ಕೇಳಿ ನೋಡಿ.

ಇಷ್ಟು ದಿನ ಸುಮ್ಮನೆ ಕೂರುತ್ತಿದ್ದ ಮಗು ಇದ್ದಕ್ಕಿದ್ದಂತೆ ತಲೆ ಮುಟ್ಟಗೊಡದಿದ್ದರೆ ಅಭ್ಯಾಸ ಬದಿಗಿಡಿ. ಹೇನು, ನೆತ್ತಿಯ ಗಾಯ, ಕಿವಿ ಸೋರುವುದು ಇದೆಯೇ ನೋಡಿ. ಮಾತು ಬಾರದ ಮಗು ಕಿವಿನೋವನ್ನು ಹೀಗೇ ಹೇಳಿಕೊಳ್ಳಬಹುದು, ಕಿವಿ-ಮೂಗು-ಗಂಟಲಿನ (ಇಎನ್‌ಟಿ) ಡಾಕ್ಟರ ಬಳಿ ತೋರಿಸಿ.